ಐಯುಐ, ಐವಿಎಫ್, ದಾನಿಯ ಅಂಡಾಣು, ದತ್ತು: ಯಾವ ದಾರಿ ಯಾರಿಗೆ?

"ಮೂರು ಐಯುಐ ಆಯ್ತು, ಇನ್ನೊಂದು ಮಾಡಿಸುವುದಾ, ಅಲ್ಲ ಸೀದಾ ಐವಿಎಫ್‌ಗೆ ಹೋಗುವುದಾ?" "ಮಣಿಪಾಲವೋ, ಮಂಗಳೂರೋ, ಬೆಂಗಳೂರೋ?" "ಡಾಕ್ಟ್ರು ದಾನಿಯ ಅಂಡಾಣು ಅಂತಿದ್ದಾರೆ, ಅತ್ತೆ ಹತ್ರ ಎಂತ ಹೇಳುವುದು?" ಮಕ್ಕಳಾಗಲಿಲ್ಲ ಅಂತ ಅಕ್ಕ ಮಾಡಿಸಿದ ಚಿಕಿತ್ಸೆಯ ಫೈಲು ಹಿಡಿದುಕೊಂಡು ಆಸ್ಪತ್ರೆಗಳಿಗೆ ಅಲೆದವಳು ನಾನು ಅಂತ ಗೊತ್ತಿರುವವರು ಇಂಥ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಐಯುಐ ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು, ಐವಿಎಫ್ ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಹಾಕುವುದು; ಎರಡನ್ನೂ ಮುಂದೆ ಬಿಡಿಸಿ ಹೇಳುತ್ತೇನೆ. ನಾನು ಡಾಕ್ಟರಲ್ಲ. ಔಷಧ ಯಾವುದು, ಡೋಸ್ ಎಷ್ಟು ಅನ್ನುವುದು ಅವರ ಕೆಲಸ. ಆದರೆ ದಾರಿ ಆರಿಸಿಕೊಳ್ಳುವ ಕೆಲಸ ಗಂಡ ಹೆಂಡತಿಯದ್ದೇ. ಹೆಚ್ಚಿನವರು ಅದನ್ನು ಆರಿಸಿಕೊಳ್ಳುವುದೇ ಇಲ್ಲ, ಒಂದು ಬಿಲ್ಲಿನಿಂದ ಇನ್ನೊಂದು ಬಿಲ್ಲಿಗೆ ಹೋಗುತ್ತಾ ಇರುತ್ತಾರೆ.

ತೂಗುವುದು ಯಾವುದರಿಂದ

ಮೊದಲನೆಯದು ಹೆಂಡತಿಯ ವಯಸ್ಸು. ಉಳಿದ ಎಲ್ಲಕ್ಕಿಂತ ಇದೇ ಭಾರ. ಹೆಣ್ಣಿನ ಅಂಡಾಣುಗಳು ಹುಟ್ಟುವಾಗಲೇ ಬಂದಿರುತ್ತವೆ, ಹೊಸದಾಗಿ ಆಗುವುದಿಲ್ಲ. 35ರ ನಂತರ ಸಂಖ್ಯೆಯೂ ಗುಣಮಟ್ಟವೂ ಬೇಗ ಬೇಗ ಇಳಿಯುತ್ತವೆ. ಎಎಂಎಚ್ ರಕ್ತಪರೀಕ್ಷೆ ಎಷ್ಟು ಅಂಡಾಣು ಉಳಿದಿರಬಹುದು ಅನ್ನುವ ಅಂದಾಜು ಕೊಡುತ್ತದೆ ಅಷ್ಟೇ. ಅದು ಕಡಿಮೆ ಬಂತೆಂದರೆ ಸಹಜವಾಗಿ ಗರ್ಭ ನಿಲ್ಲುವುದೇ ಇಲ್ಲ ಅಂತ ಅರ್ಥವಲ್ಲ.

ಎರಡನೆಯದು ಕಾರಣ. ಗರ್ಭನಾಳ ಎರಡೂ ಮುಚ್ಚಿದೆಯೋ, ಪಿಸಿಒಎಸ್‌ನಿಂದ (ಹಾರ್ಮೋನಿನ ಏರುಪೇರಿನ ತೊಂದರೆ) ಅಂಡಾಣು ಬಿಡುಗಡೆಯಾಗುತ್ತಿಲ್ಲವೋ, ವೀರ್ಯಾಣು ಕಡಿಮೆಯೋ, ಇಲ್ಲಾ ಎಲ್ಲ ರಿಪೋರ್ಟೂ ಸರಿಯಿದ್ದೂ ಆಗುತ್ತಿಲ್ಲವೋ. ಮೂರನೆಯದು ದುಡ್ಡು. ಅದನ್ನು ಒಂದು ಸಲದ ಲೆಕ್ಕದಲ್ಲಿ ಅಲ್ಲ, ಎರಡು ಮೂರು ಸಲದ ಲೆಕ್ಕದಲ್ಲಿ ನೋಡಬೇಕು. ನಾಲ್ಕನೆಯದು ರಜೆ ಮತ್ತು ಓಡಾಟ. ಐದನೆಯದನ್ನು ಯಾರೂ ಮೊದಲು ಕೇಳಿಕೊಳ್ಳುವುದಿಲ್ಲ: ನಿಮ್ಮ ಮನಸ್ಸು, ನಿಮ್ಮ ಧರ್ಮ ಎಲ್ಲಿಯವರೆಗೆ ಒಪ್ಪುತ್ತದೆ, ಎಲ್ಲಿ ಬೇಡ ಅನ್ನುತ್ತದೆ?

ಇದನ್ನೆಲ್ಲ ತೂಗುವ ಮೊದಲು ಒಂದು ಮಾತು. ಯಾವ ತಡೆಯೂ ಇಲ್ಲದೆ ಒಂದು ವರ್ಷ ಒಟ್ಟಿಗಿದ್ದೂ ಗರ್ಭ ನಿಲ್ಲದಿದ್ದರೆ ಮಾತ್ರ ಅದನ್ನು ವೈದ್ಯರು ಬಂಜೆತನವೆಂದು ಎಣಿಸುತ್ತಾರೆ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಪರೀಕ್ಷೆ ಶುರು ಮಾಡಬೇಕು. ನಮ್ಮಲ್ಲಿ ಗಂಡ ಕುವೈತಿನಲ್ಲೋ ದುಬೈಯಲ್ಲೋ ಇರುತ್ತಾನೆ, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಮದುವೆಯಾಗಿ ನಾಲ್ಕು ವರ್ಷ ಅಂದರೂ ಒಟ್ಟಿಗೆ ಇದ್ದದ್ದು ನಾಲ್ಕೇ ತಿಂಗಳು. ಇಂಥವರಲ್ಲಿ ಎಷ್ಟೋ ಜನರಿಗೆ ರೋಗವೇ ಇಲ್ಲ, ಒಟ್ಟಿಗಿರುವ ದಿನಗಳಿಲ್ಲ. ಅವರು ಲಕ್ಷಗಟ್ಟಲೆ ಸುರಿಯುವ ಮೊದಲು ಹೆಂಡತಿಗೆ ಆರು ತಿಂಗಳ ವೀಸಾ ಆಗುತ್ತದಾ ನೋಡುವುದು ಒಳ್ಳೆಯದು.

ಇನ್ನೊಂದು ಮಾತು ಗಂಡಸರಿಗೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಆದರೂ ಹೆಂಡತಿಗೆ ಎಚ್ಎಸ್‌ಜಿ (ನಾಳ ತೆರೆದಿದೆಯಾ ನೋಡುವ ಎಕ್ಸ್‌ರೇ), ಲ್ಯಾಪರೊಸ್ಕೋಪಿ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದು) ಎಲ್ಲ ಆದ ಮೇಲೆ ಕೊನೆಗೆ ವೀರ್ಯ ಪರೀಕ್ಷೆಗೆ ಹೊರಡುವವರು ಇದ್ದಾರೆ. ಅತ್ಯಂತ ಅಗ್ಗದ, ನೋವಿಲ್ಲದ ಪರೀಕ್ಷೆ ಅದು. ಮೊದಲು ಅದನ್ನು ಮಾಡಿಸಿ. ಒಂದು ರಿಪೋರ್ಟ್ ಕೆಟ್ಟದಾಗಿ ಬಂದರೆ ಎದೆಗುಂದಬೇಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಹಿಂದಿನ ತಿಂಗಳ ಜ್ವರವೂ ಇವತ್ತಿನ ರಿಪೋರ್ಟಿನಲ್ಲಿ ಕಾಣಬಹುದು. ಹೋಟೆಲಿನ ಒಲೆಯ ಮುಂದೆ, ಬೇಕರಿಯ ಓವನ್ ಮುಂದೆ ದಿನವಿಡೀ ನಿಲ್ಲುವವರು ಅದನ್ನೂ ಡಾಕ್ಟರಿಗೆ ಹೇಳಬೇಕು. ಬಿಸಿ ವೀರ್ಯಾಣುವಿಗೆ ಆಗುವುದಿಲ್ಲ.

ಸರ್ಪಸಂಸ್ಕಾರ, ಆಶ್ಲೇಷಾ ಬಲಿಯ ವಿಷಯ ಬಿಟ್ಟು ಮುಂದೆ ಹೋದರೆ ನಮ್ಮೂರಿನವಳೇ ಅಲ್ಲ ಅಂತೀರಿ. ಮಕ್ಕಳಾಗದಿದ್ದರೆ ನಾಗದೋಷ ಅನ್ನುವುದು ತುಳುನಾಡಿನಲ್ಲಿ ಮೊದಲ ಮಾತು. ಕುಕ್ಕೆಗೆ ಹೋಗಿ, ಕುಡುಪುವಿಗೆ ಹೋಗಿ, ನಾನು ಬೇಡ ಅನ್ನುವುದಿಲ್ಲ. ಆದರೆ ಸೇವೆಯ ದಿನ ಸಿಗುವವರೆಗೆ ಪರೀಕ್ಷೆಯನ್ನೂ ಮುಂದೂಡಬೇಡಿ. 37ರ ಹೆಣ್ಣಿಗೆ ಕಳೆದ ಒಂದು ವರ್ಷವನ್ನು ಯಾರೂ ವಾಪಸ್ ಕೊಡುವುದಿಲ್ಲ.

ಮಾತ್ರೆ, ಐಯುಐ

ಪಿಸಿಒಎಸ್ ಇದ್ದು, ನಾಳ ತೆರೆದಿದ್ದು, ವೀರ್ಯ ಸರಿಯಿದ್ದರೆ ಮೊದಲ ಮೆಟ್ಟಿಲು ಮಾತ್ರೆ. ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಐದು ದಿನ ಲೆಟ್ರೊಜೋಲ್, ಆಮೇಲೆ ಸ್ಕ್ಯಾನಿಂಗಿನಲ್ಲಿ ಅಂಡಾಣು ಬೆಳೆದದ್ದನ್ನು ನೋಡುವುದು. ಖರ್ಚು ಕಡಿಮೆ, ಪುತ್ತೂರು ಕುಂದಾಪುರದಂಥ ಊರಲ್ಲೇ ಆಗುತ್ತದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನು ಏರುಪೇರಿದ್ದರೆ ಅದನ್ನು ಸರಿಮಾಡಿದರೆ ಸಾಕಾಗುವುದೂ ಉಂಟು.

ಐಯುಐ ಅಂದರೆ ಗಂಡನ ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ತೆಳು ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಡುವುದು. ಐದು ನಿಮಿಷದ ಕೆಲಸ, ಅರಿವಳಿಕೆ ಬೇಡ. ಸಲಕ್ಕೆ ಸಾಮಾನ್ಯವಾಗಿ ಐದರಿಂದ ಹದಿನೈದು ಸಾವಿರ ರೂಪಾಯಿ ಆಗುತ್ತದೆ. ಫಲ ಸಿಗುವುದು ಒಂದು ಸಲಕ್ಕೆ ನೂರರಲ್ಲಿ ಹತ್ತು ಹದಿನೈದು ಜನರಿಗೆ. ಅಗ್ಗ ಅಂತ ಅದನ್ನೇ ಮಾಡಿಸುತ್ತಾ ಹೋಗುವುದು ಇಲ್ಲಿನ ದೊಡ್ಡ ತಪ್ಪು. ಮೂರು ನಾಲ್ಕು ಸಲದ ಮೇಲೆ ಐದನೆಯದರಲ್ಲಿ ಹೊಸ ಪವಾಡ ಆಗುವ ಸಂಭವ ತೀರಾ ಕಡಿಮೆ. ನಾಳ ಎರಡೂ ಮುಚ್ಚಿದ್ದವರಿಗೆ ಐಯುಐ ಮಾಡುವುದೇ ವ್ಯರ್ಥ. ನಮ್ಮ ದೇಶದಲ್ಲಿ ನಾಳ ಮುಚ್ಚಲು ಗರ್ಭಕೋಶದ ಕ್ಷಯವೂ ಒಂದು ಕಾರಣ, ಆ ಪರೀಕ್ಷೆ ಆಗಿದೆಯಾ ಕೇಳಿ.

30ರೊಳಗಿನವರು, ಕಾರಣ ಸಣ್ಣದಿದ್ದವರು, ಕೈ ಬಿಗಿಯಿದ್ದವರು ಇಲ್ಲಿ ಒಂದು ವರ್ಷ ಕಳೆದರೆ ನಷ್ಟವಿಲ್ಲ. 38 ದಾಟಿದವರು ಇಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು.

ಐವಿಎಫ್: ದುಡ್ಡು, ದಿನ, ಫ್ರಿಜ್ಜು

ಜನ "ಟೆಸ್ಟ್ ಟ್ಯೂಬ್ ಬೇಬಿ" ಅನ್ನುವುದು ಇದಕ್ಕೇ. ನಾಳ ಮುಚ್ಚಿದವರಿಗೆ, ವೀರ್ಯಾಣು ತೀರಾ ಕಡಿಮೆ ಇರುವವರಿಗೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ರೋಗ) ಜೋರಿದ್ದವರಿಗೆ, ಐಯುಐ ಸೋತವರಿಗೆ ಇದು ನಿಜವಾದ ದಾರಿ. ಎಂಟರಿಂದ ಹನ್ನೆರಡು ದಿನ ಹಾರ್ಮೋನಿನ ಇಂಜೆಕ್ಷನ್, ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನಿಂಗ್, ಕೊನೆಗೆ ಅಂಡಾಣು ಪಕ್ವವಾಗಲು ಟ್ರಿಗರ್ ಇಂಜೆಕ್ಷನ್, ಅದಾಗಿ 34ರಿಂದ 36 ಗಂಟೆಗೆ ಎಗ್ ಪಿಕಪ್, ಅಂದರೆ ಅಂಡಾಣು ಹೊರತೆಗೆಯುವುದು. ಲ್ಯಾಬಿನಲ್ಲಿ ಅಂಡಾಣು ವೀರ್ಯಾಣು ಕೂಡಿಸಿ, ಮೂರನೆಯ ಅಥವಾ ಐದನೆಯ ದಿನ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುತ್ತಾರೆ, ಇಲ್ಲವೇ ಫ್ರೀಜ್ ಮಾಡಿ ಮುಂದಿನ ತಿಂಗಳು ಹಾಕುತ್ತಾರೆ. ವೀರ್ಯಾಣು ಕಡಿಮೆಯಿದ್ದರೆ ಒಂದೊಂದು ಅಂಡಾಣುವಿನೊಳಗೆ ಒಂದೊಂದನ್ನು ಸೂಜಿಯಿಂದ ಬಿಡುವ ಇಕ್ಸಿ ಮಾಡುತ್ತಾರೆ. ವೀರ್ಯ ಸರಿಯಿದ್ದವರಿಗೆ ಇಕ್ಸಿಯಿಂದ ಹೆಚ್ಚಿನ ಲಾಭವಿಲ್ಲ, ಬಿಲ್ಲು ಮಾತ್ರ ಏರುತ್ತದೆ.

ಪುಸ್ತಕದಲ್ಲಿ ಇಷ್ಟೇ. ಮನೆಯಲ್ಲಿ ಅದು ಬೇರೆ. ಅಕ್ಕನ ಇಂಜೆಕ್ಷನ್ ಪೆನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಿತ್ತು. ಜುಲೈ ತಿಂಗಳು, ಬೈಂದೂರು ಕಡೆಯ ಹಳ್ಳಿ, ಗಾಳಿ ಮಳೆಗೆ ಕರೆಂಟು ಹೋದರೆ ಮರುದಿನವೇ ಬರುವುದು. ಫ್ರಿಜ್ಜಿನಲ್ಲಿ ಬಂಗುಡೆಯ ಡಬ್ಬದ ಪಕ್ಕ ಮೂವತ್ತು ಸಾವಿರದ ಔಷಧ. ಐಸ್ ಪ್ಯಾಕ್ ಹಾಕಿದ ಫ್ಲಾಸ್ಕಿನಲ್ಲಿ ತುಂಬಿಕೊಂಡು ಇನ್ವರ್ಟರ್ ಇದ್ದ ಪಕ್ಕದ ಮನೆಗೆ ಓಡಿದೆವು. ಪಕ್ಕದ ಮನೆಯವರಿಗೆ ಸುದ್ದಿ ತಿಳಿದದ್ದು ಹಾಗೆ. ಟ್ರಿಗರ್ ರಾತ್ರಿ ಹತ್ತೂವರೆಗೆ ಅಂದರೆ ಹತ್ತೂವರೆಗೇ. ಹತ್ತು ಗಂಟೆಗೆ ನೆಂಟರು ಬಂದು ಕೂತರೂ ಎದ್ದು ಒಳಗೆ ಹೋಗಬೇಕು. ಮಳೆಗಾಲದಲ್ಲಿ ಮಾಡಿಸುವವರು ಆಸ್ಪತ್ರೆಯ ಹತ್ತಿರ ಹತ್ತು ಹದಿನೈದು ದಿನಕ್ಕೆ ರೂಮು ಹಿಡಿಯುವುದನ್ನು ಯೋಚಿಸಿ.

ಬೆಂಗಳೂರೋ ಇಲ್ಲಿಯೋ ಅನ್ನುವ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್ ಇರುವಾಗ ಶಿರಾಡಿ ಘಾಟಿ ಇಳಿದು ಹತ್ತುವ ಚಿಕಿತ್ಸೆ ಇದಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಈ ಕೆಲಸ ನಡೆದಿದೆ, ಭ್ರೂಣಶಾಸ್ತ್ರದಲ್ಲಿ ಸ್ನಾತಕೋತ್ತರ ಕೋರ್ಸೂ ಅಲ್ಲಿದೆ. ಮಂಗಳೂರಿನಲ್ಲಿ ಖಾಸಗಿ ಕೇಂದ್ರಗಳು ಹಲವಿವೆ. ಬೆಂಗಳೂರಿಗೆ ಹೋಗಲು ಕಾರಣ ಇರುವುದು ವಿಶೇಷ ವಂಶವಾಹಿ ಪರೀಕ್ಷೆಯಂಥದ್ದು ಬೇಕಾದಾಗ. ಥಲಸ್ಸೇಮಿಯಾದಂಥ ವಂಶದಿಂದ ಬರುವ ರಕ್ತದ ರೋಗ ಎರಡೂ ಕಡೆ ಇದ್ದು, ಮಗುವಿಗೆ ಬರಬಾರದು ಅನ್ನುವವರಿಗೆ ಆ ಪ್ರಯಾಣ ಸಾರ್ಥಕ.

ದುಡ್ಡು. ಔಷಧ ಸೇರಿ ಒಂದು ಸುತ್ತಿಗೆ ಒಂದೂವರೆಯಿಂದ ಎರಡೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ಪ್ಯಾಕೇಜ್ ಅಂತ ಹೇಳುವ ಮೊತ್ತದಲ್ಲಿ ಇಂಜೆಕ್ಷನ್, ಫ್ರೀಜಿಂಗ್, ಮುಂದಿನ ಟ್ರಾನ್ಸ್‌ಫರ್ ಸೇರಿದೆಯಾ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಆರೋಗ್ಯ ವಿಮೆಯಲ್ಲಿ ಬಂಜೆತನದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಪಾಲಿಸಿ ತೆಗೆದು ಓದಿ. ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಮೊದಲ ಸುತ್ತು ಮಾಡಿಸುವವರು ಬಹಳ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಮೊದಲನೆಯದು ಸೋತ ವಾರದಲ್ಲೇ ಎರಡನೆಯ ಸಾಲಕ್ಕೆ ಸಹಿ ಹಾಕುವುದನ್ನು ಮಾತ್ರ ಖಂಡಿತ ಆಕ್ಷೇಪಿಸುತ್ತೇನೆ. ಎಷ್ಟು ಸುತ್ತು, ಎಷ್ಟು ಲಕ್ಷಕ್ಕೆ ನಿಲ್ಲಿಸುವುದು ಅನ್ನುವುದನ್ನು ಮೊದಲ ಇಂಜೆಕ್ಷನ್‌ಗೆ ಮೊದಲೇ ಇಬ್ಬರೂ ಕೂತು ತೀರ್ಮಾನಿಸಿ. ಆಮೇಲೆ ಮನಸ್ಸು ಲೆಕ್ಕ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಫಲದ ಮಾತು. ಜಾಹೀರಾತಿನಲ್ಲಿ ಶೇಕಡಾ 70, 80 ಅಂತ ಬರೆದಿದ್ದರೆ ಅದು ಯಾವುದರ ಶೇಕಡಾ ಅಂತ ಕೇಳಿ. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಆದದ್ದೋ, ಮಗು ಮನೆಗೆ ಬಂದದ್ದೋ? ಪ್ರತಿ ಕೇಂದ್ರದ ಲೆಕ್ಕ ಇಡುವ ಬ್ರಿಟನ್ನಿನಲ್ಲಿ, 35ರೊಳಗಿನ ಹೆಂಗಸರಲ್ಲಿ ಸ್ವಂತ ಅಂಡಾಣುವಿನ ಒಂದು ಭ್ರೂಣ ಹಾಕಿದರೆ ಮಗು ಹುಟ್ಟುವುದು ಸುಮಾರು ಮೂರರಲ್ಲಿ ಒಂದು ಸಲ. 43 ದಾಟಿದರೆ ನೂರಕ್ಕೆ ಐದರ ಆಸುಪಾಸು. ಹಾಗಾಗಿ ನಿಮ್ಮ ವಯಸ್ಸಿನವರ ಅಂಕಿಯನ್ನೇ ಕೇಳಬೇಕು. "ನಮ್ಮಲ್ಲಿ ಎಲ್ಲರಿಗೂ ಆಗುತ್ತದೆ" ಅನ್ನುವ ಕಡೆ ಕೂರಬೇಡಿ. ಫಲ ಹೆಚ್ಚಿಸುತ್ತದೆ ಅಂತ ಸೇರಿಸುವ ಹೆಚ್ಚುವರಿ ಪರೀಕ್ಷೆಗಳಲ್ಲಿ, ಡ್ರಿಪ್ಪುಗಳಲ್ಲಿ ಬಹುಪಾಲಿಗೆ ಗಟ್ಟಿ ಪುರಾವೆ ಇಲ್ಲ.

"ಅಂಥ ಮಕ್ಕಳು ಸರಿಯಾಗಿ ಇರ್ತಾರಾ?" ಅಜ್ಜಿಯರ ಪ್ರಶ್ನೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ಆಕೆ 2006ರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ತಾಯಿಯಾದಳು. ಅದೇ 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರು ಫ್ರೀಜ್ ಮಾಡಿದ ಭ್ರೂಣದಿಂದ ದುರ್ಗಾ ಅನ್ನುವ ಮಗುವಿನ ಜನನಕ್ಕೆ ಕಾರಣರಾದರು. ಸರ್ಕಾರದ ಸಮಿತಿ ನಂಬಲಿಲ್ಲ, 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಇವತ್ತು ನಮ್ಮೂರಲ್ಲಿ ಫ್ರೋಜನ್ ಟ್ರಾನ್ಸ್‌ಫರ್ ಅನ್ನುವುದು ಮಾಮೂಲು. ಜಗತ್ತಿನಲ್ಲಿ ಹೀಗೆ ಹುಟ್ಟಿದವರು ಈಗ ಒಂದು ಕೋಟಿಗೂ ಹೆಚ್ಚು. ಅಪಾಯ ಹೆಚ್ಚಿರುವುದು ಅವಳಿ ತ್ರಿವಳಿ ಆದಾಗ: ತಿಂಗಳು ತುಂಬದ ಹೆರಿಗೆ, ಕಡಿಮೆ ತೂಕ, ಎನ್‌ಐಸಿಯು (ಎಳೆ ಶಿಶುಗಳ ತೀವ್ರ ನಿಗಾ ಘಟಕ) ಬಿಲ್ಲು. "ಒಂದೇ ಖರ್ಚಲ್ಲಿ ಎರಡು" ಅಂತ ಆಸೆಪಟ್ಟು ಎರಡು ಮೂರು ಭ್ರೂಣ ಹಾಕಿಸುವವರು ಇದನ್ನು ನೆನಪಿಡಬೇಕು. ತಾಯಿಗೂ ಅಪಾಯ ಉಂಟು. ಪಿಸಿಒಎಸ್ ಇದ್ದವರಲ್ಲಿ ಇಂಜೆಕ್ಷನ್‌ಗೆ ಅಂಡಾಶಯ ಮಿತಿಮೀರಿ ಊದಿಕೊಳ್ಳಬಹುದು. ಹೊಟ್ಟೆ ಉಬ್ಬಿ ಉಸಿರು ಕಟ್ಟಿದರೆ ರಾತ್ರಿ ಎಷ್ಟೇ ಹೊತ್ತಾದರೂ ಫೋನು ಮಾಡಬೇಕು.

ಮನಸ್ಸು ಎಲ್ಲಿಯವರೆಗೆ ಒಪ್ಪುತ್ತದೆ

ಹತ್ತು ಅಂಡಾಣು ಸಿಕ್ಕಿ ಐದು ಭ್ರೂಣವಾಯಿತು, ಮೊದಲನೆಯದರಲ್ಲೇ ಮಗುವೂ ಆಯಿತು ಅಂತಿಟ್ಟುಕೊಳ್ಳಿ. ಉಳಿದ ನಾಲ್ಕು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕೂತಿವೆ, ವರ್ಷ ವರ್ಷ ಬಾಡಿಗೆ ಬರುತ್ತದೆ. 2021ರ ಎಆರ್‌ಟಿ (ಐವಿಎಫ್‌ನಂಥ ಚಿಕಿತ್ಸೆಗಳ) ಕಾನೂನಿನ ಪ್ರಕಾರ ಅವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ನಿಮ್ಮ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಬೇರೆ ದಂಪತಿಗೆ ಕೊಡುವಂತಿಲ್ಲ. ಭ್ರೂಣವೂ ಜೀವವೇ ಅಂತ ನಂಬುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಕಡಿಮೆ ಇಂಜೆಕ್ಷನ್, ಕಡಿಮೆ ಅಂಡಾಣು, ಆದಷ್ಟೇ ಭ್ರೂಣ ಅನ್ನುವ ದಾರಿಯೂ ಇದೆ. ಫಲದ ಸಂಭವ ಇಳಿಯುತ್ತದೆ, ಮನಸ್ಸು ಹಗುರ ಇರುತ್ತದೆ.

ಕಥೋಲಿಕರಿಗೆ ಇಲ್ಲಿ ತೊಡಕು ಹೆಚ್ಚು. 1987ರಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆ ಐವಿಎಫನ್ನು ಒಪ್ಪುವುದಿಲ್ಲ. ಗಂಡ ಹೆಂಡಿರ ಕೂಡುವಿಕೆಯ ಜಾಗವನ್ನು ಲ್ಯಾಬು ತೆಗೆದುಕೊಳ್ಳಬಾರದು ಅನ್ನುವುದು ಒಂದು ಕಾರಣ, ಭ್ರೂಣಗಳು ನಾಶವಾಗುತ್ತವೆ ಅನ್ನುವುದು ಇನ್ನೊಂದು. ಅಂಡಾಣು ಬಿಡುಗಡೆಗೆ ಮಾತ್ರೆ, ನಾಳದ ಶಸ್ತ್ರಚಿಕಿತ್ಸೆ ಇವಕ್ಕೆ ಅಡ್ಡಿಯಿಲ್ಲ. ಆದರೂ ಐವಿಎಫ್ ಮಾಡಿಸಿದ ಕ್ರೈಸ್ತ ದಂಪತಿಗಳು ನಮ್ಮ ನಡುವೆ ಇದ್ದಾರೆ, ಅವರ ಮಕ್ಕಳಿಗೂ ಚರ್ಚಿನಲ್ಲಿ ದೀಕ್ಷಾಸ್ನಾನ ಆಗುತ್ತದೆ. ಸುನ್ನಿ ಮುಸ್ಲಿಮರಲ್ಲಿ ಬಹುಮತದ ಅಭಿಪ್ರಾಯ ಗಂಡ ಹೆಂಡತಿಯದ್ದೇ ಅಂಡಾಣು ವೀರ್ಯಾಣು ಆದರೆ ಸರಿ, ಮೂರನೆಯವರದ್ದು ಬೇಡ. ಬಂಟರು ಬಿಲ್ಲವರಲ್ಲಿ ಬೇರೆಯೇ ಪ್ರಶ್ನೆ ಏಳುತ್ತದೆ. ಬಳಿ, ಅಂದರೆ ಗೋತ್ರದಂಥ ಕುಲದ ಗುರುತು, ತಾಯಿಯಿಂದ ಬರುವುದು. ಹಾಗಾದರೆ ದಾನಿಯ ಅಂಡಾಣುವಿನಿಂದ ಹುಟ್ಟಿದ ಮಗುವಿನ ಬಳಿ ಯಾವುದು? ಕಾನೂನಿನ ಮಟ್ಟಿಗೆ ಸಂಶಯವಿಲ್ಲ, ಅದು ಆ ದಂಪತಿಯ ಮಗು, ದಾನಿಗೆ ಯಾವ ಹಕ್ಕೂ ಇಲ್ಲ. ಒಂಬತ್ತು ತಿಂಗಳು ಹೊತ್ತವಳ ಬಳಿಯೇ ಮಗುವಿನ ಬಳಿ ಅಂತ ನಾನಂತೂ ಹೇಳುತ್ತೇನೆ. ಹಿರಿಯರು ಏನೆನ್ನುತ್ತಾರೋ ಅವರಿಗೇ ಬಿಟ್ಟದ್ದು.

ಹೆಣ್ಣೋ ಗಂಡೋ ಆರಿಸಿ ಕೊಡುತ್ತೇವೆ ಅಂತ ಯಾರಾದರೂ ಪಿಸುಗುಟ್ಟಿದರೆ ಎದ್ದು ಬನ್ನಿ. ಅದು ಅಪರಾಧ.

ದಾನಿಯ ಅಂಡಾಣು, ಬಾಡಿಗೆ ತಾಯಿ

42ರ ನಂತರ ಅಥವಾ ಬೇಗ ಮುಟ್ಟು ನಿಂತವರಿಗೆ ಸ್ವಂತ ಅಂಡಾಣುವಿಗಿಂತ ದಾನಿಯ ಅಂಡಾಣುವಿನಲ್ಲಿ ಫಲ ಬಹಳ ಹೆಚ್ಚು, ಯಾಕೆಂದರೆ ಲೆಕ್ಕಕ್ಕೆ ಬರುವುದು ದಾನಿಯ ವಯಸ್ಸು. ಕಾನೂನಿನಲ್ಲಿ ದಾನಿ 23ರಿಂದ 35ರೊಳಗಿನವಳು, ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಮಾರಾಟ ನಿಷಿದ್ಧ. ದಾನಿಯನ್ನು ಒದಗಿಸುವುದು ನೋಂದಾಯಿತ ಬ್ಯಾಂಕು. ಚಿಕಿತ್ಸೆ ಪಡೆಯುವ ಹೆಂಗಸಿಗೆ 50, ಗಂಡಸಿಗೆ 55ರ ಮಿತಿಯಿದೆ. ಇಲ್ಲಿ ನನಗೆ ಮುಳ್ಳಾಗಿ ಚುಚ್ಚುವುದು ದಾನಿಯೇ. ನಮ್ಮ ಅಕ್ಕ ತಿಂದ ಇಂಜೆಕ್ಷನ್‌ಗಳನ್ನೇ ಅವಳೂ ತಿನ್ನುತ್ತಾಳೆ, ಹೆಚ್ಚಾಗಿ ಬಡತನಕ್ಕೆ. ಅವಳ ಹೆಸರಿನಲ್ಲಿ ವಿಮೆ ಮಾಡಿಸಬೇಕು ಅಂತ ಕಾನೂನೇ ಹೇಳುತ್ತದೆ, ಆ ಕಾಗದ ಕಣ್ಣಾರೆ ನೋಡಿ.

ಮಗುವಿಗೆ ಹೇಳಬೇಕಾ? ನನ್ನ ಪ್ರಕಾರ ಹೌದು, ಸಣ್ಣದರಲ್ಲೇ. ಇಪ್ಪತ್ತರಲ್ಲಿ ಯಾವುದೋ ರಕ್ತಪರೀಕ್ಷೆಯಿಂದ ಗೊತ್ತಾಗುವುದಕ್ಕಿಂತ ಅದು ಲೇಸು. ಗುಟ್ಟು ಬೇಕೇಬೇಕು ಅನ್ನುವ ಮನೆಯವರು ದಾನಿಯ ದಾರಿಗೆ ಹೋಗುವ ಮೊದಲು ಹತ್ತು ಸಲ ಯೋಚಿಸಲಿ.

ಬಾಡಿಗೆ ತಾಯ್ತನಕ್ಕೆ ಹೆಸರಿನಲ್ಲಿ ಮಾತ್ರ ಬಾಡಿಗೆ ಉಳಿದಿದೆ. 2021ರ ಕಾನೂನಿನ ನಂತರ ದುಡ್ಡು ಕೊಡುವಂತಿಲ್ಲ, ವೈದ್ಯಕೀಯ ಖರ್ಚು ಮತ್ತು ವಿಮೆ ಮಾತ್ರ. ಗರ್ಭಕೋಶವೇ ಇಲ್ಲದವರು, ಗರ್ಭ ಹೊರಲು ಪ್ರಾಣಾಪಾಯ ಇರುವವರು, ಐವಿಎಫ್ ಮತ್ತೆ ಮತ್ತೆ ಸೋತವರು, ಪದೇ ಪದೇ ಗರ್ಭಪಾತ ಆದವರು ಬಿಟ್ಟರೆ ಉಳಿದವರು ಇದನ್ನು ಪಟ್ಟಿಯಿಂದ ತೆಗೆಯಬಹುದು.

ದತ್ತು, ಮತ್ತು ನಿಲ್ಲಿಸುವುದು

ದತ್ತು ಎಲ್ಲ ಸೋತ ಮೇಲಿನ ಕೊನೆಯ ಬಸ್ಸು ಅಂತ ಜನ ತಿಳಿದಿರುವುದೇ ತೊಂದರೆ, ಯಾಕೆಂದರೆ ಇಲ್ಲೂ ವಯಸ್ಸು ಓಡುತ್ತಿರುತ್ತದೆ. ಎರಡು ವರ್ಷದೊಳಗಿನ ಮಗು ಬೇಕಾದರೆ ದಂಪತಿಯ ವಯಸ್ಸು ಕೂಡಿಸಿದರೆ 85 ಮೀರಿರಬಾರದು. ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು. ಕೇಂದ್ರ ಸರ್ಕಾರದ ದತ್ತು ಸಂಸ್ಥೆ ಕಾರಾದ ಪೋರ್ಟಲ್‌ನಲ್ಲಿ ನೋಂದಾಯಿಸಿ, ಮನೆಗೆ ಬಂದು ವರದಿ ಮಾಡಿದ ಮೇಲೆ ಸರದಿ. ಚಿಕ್ಕ ಮಗುವಿಗೆ ವರ್ಷಗಟ್ಟಲೆ ಕಾಯಬೇಕು. ಸರದಿ ಬಂದಾಗ ಒಪ್ಪಲು 48 ಗಂಟೆ ಮಾತ್ರ ಇರುತ್ತದೆ. ಕೊನೆಯ ಆದೇಶ ಈಗ ಜಿಲ್ಲಾಧಿಕಾರಿಯದ್ದು. ಖರ್ಚು ಐವಿಎಫ್‌ನ ಒಂದು ಸುತ್ತಿಗಿಂತ ಎಷ್ಟೋ ಕಡಿಮೆ. ಯಾವ ಧರ್ಮದವರೂ ಈ ದಾರಿಯಲ್ಲಿ ದತ್ತು ಪಡೆಯಬಹುದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಐವಿಎಫ್ ನಡೆಯುತ್ತಿರುವಾಗಲೇ ನೋಂದಾಯಿಸಬಹುದು, 38 ದಾಟಿದವರಿಗೆ ಅದೇ ನನ್ನ ಸಲಹೆ. "ಗೊತ್ತಿರುವ ಆಸ್ಪತ್ರೆಯಿಂದ ಮಗು ಕೊಡಿಸ್ತೇವೆ" ಅನ್ನುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ನಾಳೆ ಪೊಲೀಸರು ಬಂದರೆ ಮಗುವೂ ಹೋಗುತ್ತದೆ, ನೀವೂ ಜೈಲಿಗೆ ಹೋಗುತ್ತೀರಿ.

ಮಕ್ಕಳಿಲ್ಲದೆ ಇರುವುದೂ ಒಂದು ಆಯ್ಕೆ. ಅಳಿಯ ಸಂತಾನದ ಕಟ್ಟಿನಲ್ಲಿ ಅಕ್ಕ ತಂಗಿಯರ ಮಕ್ಕಳೇ ವಾರಸುದಾರರಾಗಿ ಬಾಳಿದ ಊರು ಇದು. ಸ್ವಂತ ಮಗು ಇಲ್ಲದ ಮಾವಂದಿರು ಇಲ್ಲಿ ಅನಾಥರಾಗಿರಲಿಲ್ಲ.

ಒಪ್ಪಿಗೆ ಪತ್ರದ ವಿಷಯ

ಐವಿಎಫ್ ಅಂತ ತೀರ್ಮಾನಿಸಿದವರಿಗೆ ಇದು. ಎಆರ್‌ಟಿ ನೋಂದಣಿ ಪ್ರಮಾಣಪತ್ರ ಗೋಡೆಯ ಮೇಲೆ ಇದೆಯಾ ನೋಡಿ. ಐಯುಐಗೆ ಮಾತ್ರ ಅನುಮತಿ ಇರುವ ಕೇಂದ್ರ ಬೇರೆ, ಐವಿಎಫ್‌ಗೆ ಇರುವುದು ಬೇರೆ. ಎಗ್ ಪಿಕಪ್ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೂತವಳ ಕೈಗೆ ಕಂತೆ ಕಾಗದ ಕೊಟ್ಟರೆ ಯಾರೂ ಓದುವುದಿಲ್ಲ, ತೋರಿಸಿದ ಕಡೆ ಸಹಿ ಹಾಕುತ್ತಾರೆ. ಹಾಗಾಗಿ ವಾರ ಮೊದಲೇ ಕೇಳಿ ಮನೆಗೆ ತನ್ನಿ. ಎಷ್ಟು ಭ್ರೂಣ ಹಾಕುವುದು, ಎಷ್ಟು ವರ್ಷ ಫ್ರೀಜ್ ಮಾಡಿಡುವುದು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಬೇರೆಯಾದರೆ ಅವುಗಳ ಗತಿ ಏನು, ಇಷ್ಟನ್ನು ಇಬ್ಬರೂ ಕೂತು ಮಾತಾಡಿ ತುಂಬಿಸಿ. ಭ್ರೂಣ ಗರ್ಭಕೋಶಕ್ಕೆ ಹಾಕುವ ಕ್ಷಣದವರೆಗೂ ಒಪ್ಪಿಗೆ ವಾಪಸ್ ಪಡೆಯುವ ಹಕ್ಕು ನಿಮಗಿದೆ. ಗಂಡ ಗಲ್ಫಿಗೆ ಹೊರಡುವವನಾದರೆ ವೀರ್ಯ ಫ್ರೀಜ್ ಮಾಡಿಸುವ ದಿನವೇ ಈ ಕಾಗದಗಳನ್ನೂ ಮುಗಿಸಿಕೊಳ್ಳಿ, ಒಂದು ಪ್ರತಿ ಮನೆಯಲ್ಲಿರಲಿ.